ಅಂಗಳದಲ್ಲಿ ಮೂರು ಪಾತ್ರೆ

ಆಷಾಢದ ಬೆಳಗು. ಹೊಸನಗರ ತಾಲ್ಲೂಕಿನ ಒಂದು ಸಣ್ಣ ಸರ್ಕಾರಿ ಶಾಲೆ. ಜಂಬಿಟ್ಟಿಗೆ ಗೋಡೆಗೆ ಮೊಣಕಾಲೆತ್ತರ ಪಾಚಿ ಹತ್ತಿದೆ. ಹೆಂಚಿನ ಮಾಡಿನಿಂದ ನೀರು ದಾರ ಬಿಟ್ಟಂತೆ ಇಳಿಯುತ್ತಿದೆ. ಜಗಲಿಯಲ್ಲಿ ಬಿಚ್ಚಿಟ್ಟ ಕೊಡೆಗಳ ಸಾಲು. ಅದರಾಚೆ ಹುಡುಗನೊಬ್ಬ ಕೂತು ಕಾಲಿಗೆ ಹತ್ತಿದ ಉಂಬಳ ಕೀಳುತ್ತಿದ್ದಾನೆ. ಅಂಗಳದ ನಡುವೆ, ಮರದ ಹನಿಯೂ ಮಾಡಿನ ನೀರೂ ತಾಗದ ಕಡೆ, ಮೂರು ಪಾತ್ರೆಗಳು ಮಳೆಗೆ ಬಾಯಿ ತೆರೆದು ಕೂತಿವೆ: ಬಿಸಿಯೂಟದ ಕೋಣೆಯಿಂದ ಬಂದ ಅಗಲ ಡಬರಿ, ಬಣ್ಣದ ಖಾಲಿ ಡಬ್ಬಿ, ಕುತ್ತಿಗೆ ಕತ್ತರಿಸಿದ ಬಾಟಲಿ. ಬಾಟಲಿಯ ತಳ ಗುಳಿಗುಳಿಯಾಗಿರುವುದರಿಂದ ಕಲ್ಲು, ನೀರು ತುಂಬಿ, ಒಂದು ಗೆರೆ ಎಳೆದು, ಅಲ್ಲಿಂದ ಸೊನ್ನೆ ಎಂದು ಮಕ್ಕಳೇ ತೀರ್ಮಾನಿಸಿದ್ದಾರೆ.

ಇದೆಲ್ಲ ಶುರುವಾದದ್ದು ಪತ್ರಿಕೆಯ ಒಂದು ಸಾಲಿನಿಂದ. ಹುಲಿಕಲ್ಲಿನಲ್ಲಿ ಇಷ್ಟು ಮಿಲಿಮೀಟರ್, ಆಗುಂಬೆಯಲ್ಲಿ ಇಷ್ಟು ಎಂದು ಓದುತ್ತಿದ್ದ ಆರನೇ ತರಗತಿಯ ಹುಡುಗಿ ನಡುವೆ ನಿಲ್ಲಿಸಿ ಕೇಳಿದ್ದಳು: “ಮಳೆ ಅಂದ್ರೆ ನೀರಲ್ವಾ ಮೇಡಂ? ನೀರನ್ನ ಲೀಟರಲ್ಲಿ ಹೇಳೋದು ಬಿಟ್ಟು ಸ್ಕೇಲಲ್ಲಿ ಯಾಕೆ ಅಳೀತಾರೆ?”

ನಾನೂ ಮಲೆನಾಡಿನ ಮಳೆಯಲ್ಲಿ ನೆನೆದೇ ಶಾಲೆಗೆ ಹೋದವನು. ಮಳೆಯನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ ಎಂದು ಬರೆದು ಒಂದು ಅಂಕ ಗಿಟ್ಟಿಸಿದ್ದೇನೆ. ಯಾಕೆ ಎಂದು ಕೇಳಬೇಕು ಅನ್ನಿಸಿರಲಿಲ್ಲ. ಈ ಟೀಚರಿಗೆ ಉತ್ತರ ಗೊತ್ತಿತ್ತು, ಅರ್ಧ ನಿಮಿಷದಲ್ಲಿ ಬೋರ್ಡಿನ ಮೇಲೆ ಮುಗಿಸಿಬಿಡಬಹುದಿತ್ತು. ಅವರು ಸೀಮೆಸುಣ್ಣ ಕೆಳಗಿಟ್ಟು, “ಅಗಲದ ಪಾತ್ರೇಲಿ ಮಳೆ ಜಾಸ್ತಿ ಬೀಳ್ತದಾ, ಕಿರಿದಾದ್ರಲ್ಲಾ? ನಿಮಗೇನನ್ನಿಸ್ತದೆ?” ಎಂದರು. ಕೋಣೆಯಲ್ಲಿ ಜೇನುಹುಟ್ಟಿಗೆ ಕಲ್ಲು ಬಿದ್ದ ಹಾಗಾಯಿತು.

ಬೆಳಗ್ಗೆ ಅಳೆದಾಗ ಡಬರಿಯಲ್ಲಿ 62 ಮಿಲಿಮೀಟರ್. ಡಬ್ಬಿಯಲ್ಲೂ 62. ಬಾಟಲಿಯಲ್ಲಿ 61. ಡಬರಿಯ ನೀರನ್ನು ಲೋಟದಲ್ಲಿ ಎಣಿಸಿದರೆ ಬಾಟಲಿಯದಕ್ಕಿಂತ ಎಷ್ಟೋ ಪಾಲು ಹೆಚ್ಚು, ಎತ್ತರ ಮಾತ್ರ ಒಂದೇ. “ಹಂಗಾದ್ರೆ ಲೀಟರಲ್ಲಿ ಹೇಳಿದ್ರೆ ಪಾತ್ರೆ ಯಾವ್ದು ಅಂತಾನೂ ಹೇಳ್ಬೇಕಾಗ್ತದೆ!” ಎಂದು ಹಿಂದಿನ ಸಾಲಿನಿಂದ ಒಬ್ಬ ಕೂಗಿದ. ಪುಸ್ತಕ ಹಿಡಿದರೆ ತಡವರಿಸುವ ಹುಡುಗ ಅವನು ಎಂದು ಟೀಚರು ಆಮೇಲೆ ನನಗೆ ಹೇಳಿದರು, ಹೇಳುವಾಗ ಅವರ ದನಿ ತುಂಬಿತ್ತು. ಇನ್ನೊಬ್ಬಳಿಗೆ ಸಮಾಧಾನವಿಲ್ಲ, ಅವಳಿಗೆ ಕೊಡಪಾನ ಇಟ್ಟು ನೋಡಬೇಕು. ಮರುದಿನ ಅದನ್ನೂ ಇಟ್ಟರು. ಬಾಯಿ ಕಿರಿದು, ಹೊಟ್ಟೆ ಅಗಲ, ಲೆಕ್ಕ ತಪ್ಪಿತು. ಯಾಕೆ ತಪ್ಪಿತು ಎಂಬುದಕ್ಕೆ ಇನ್ನೊಂದು ಪೀರಿಯಡ್ಡೇ ಹೋಯಿತು.

1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಹಳ್ಳಿ ಶಾಲೆಗಳಲ್ಲಿ ಹೀಗೆ ಮಾಡಿ ನೋಡಿ ಕಲಿಯುವ ವಿಜ್ಞಾನ ಪಾಠ ಶುರುವಾಗಿತ್ತು. ನೂರಾರು ಶಾಲೆಗಳಿಗೆ ಹಬ್ಬಿದ ಅದನ್ನು 2002ರಲ್ಲಿ ಅಲ್ಲಿನ ಸರ್ಕಾರ ನಿಲ್ಲಿಸಿತು. ಓದುವಾಗಲೆಲ್ಲ ನನಗೆ ನೋವಾಗುವ ಸಂಗತಿ ಇದು. ಎರಡು ಮೂರು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳುವ ಮಲೆನಾಡಿನ ಶಾಲೆಗಳಲ್ಲಿ ಕೊಡಪಾನಕ್ಕೆ ಒಂದು ಪೀರಿಯಡ್ ಕೊಡುವುದು ಸುಲಭವಲ್ಲ. ಆದರೂ ಕೊಡಬೇಕು ಎಂದೇ ನನ್ನ ನಂಬಿಕೆ.

ಹುಡುಕಾಟ ಈ ಸೀಮೆಗೆ ಹೊಸದೂ ಅಲ್ಲ. ಒಬ್ಬ ಹುಡುಗ ಮನೆಯಿಂದ ಅಜ್ಜನ ಡೈರಿ ತಂದಿದ್ದ. ಅದರಲ್ಲಿ ದಿನದಿನದ ಮಳೆ, ಇಂಚು ಸೆಂಟುಗಳಲ್ಲಿ. ಯಾಕೆಂದರೆ ಮಳೆ ಎಡೆಬಿಡದೆ ಹೊಡೆದರೆ ಅಡಿಕೆಗೆ ಕೊಳೆ; ಬೋರ್ಡೋ ಹೊಡೆಯಲು ಬಿಡುವು ಯಾವಾಗ ಸಿಕ್ಕೀತು ಎಂದು ಅಜ್ಜ ಹಳೆಯ ಪುಟ ತಿರುವುತ್ತಾರೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ಕೊಳೆರೋಗದ ಬೆನ್ನು ಹತ್ತಿದ್ದರು. ಕೊನೆಗಳಿಗೆ ಹುಲ್ಲಿನ ಕೊಟ್ಟೆ ಕಟ್ಟಿ ಮಳೆ ತಡೆಯುತ್ತಿದ್ದ ರೈತರ ಕೈಗೆ ಮೈಲುತುತ್ತ, ಸುಣ್ಣದ ಈ ಬೋರ್ಡೋ ದ್ರಾವಣ ಬಂದದ್ದು ಆ ಹುಡುಕಾಟದಿಂದ. ಮಕ್ಕಳು ಮಾತ್ರ ಇಂಚನ್ನು 25.4ರಿಂದ ಗುಣಿಸುವುದರಲ್ಲಿ ಮುಳುಗಿದ್ದರು.

ಆಮೇಲೆ ಹಗ್ಗ ಹಿಡಿದು ಅಂಗಳ ಅಳೆದರು. ಉದ್ದ 20 ಮೀಟರ್, ಅಗಲ 15. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನಿಂತರೆ ಒಂದು ಲೀಟರ್. ಅಲ್ಲಿಗೆ ಒಂದೇ ದಿನ ತಮ್ಮ ಅಂಗಳಕ್ಕೆ ಬಿದ್ದದ್ದು 18,600 ಲೀಟರ್! ಬೋರ್ಡಿನ ಮೇಲೆ ಆ ಅಂಕಿ ನೋಡಿ ಎಲ್ಲರೂ ಸುಮ್ಮನಾದರು.

“ಅಷ್ಟೂ ನೀರು ಎಲ್ಲಿಗೆ ಹೋಯ್ತು?”

ಚರಂಡಿಯ ಬೆನ್ನು ಹತ್ತಿದರು. ಚರಂಡಿಯಿಂದ ಕಾಲುಸಂಕದ ಕೆಳಗಿನ ಹಳ್ಳ, ಹಳ್ಳದಿಂದ ಮುಂದೆ ನಕಾಶೆಯಲ್ಲಿ ಬೆರಳು. ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರದ ಹಳ್ಳಗಳ ನೀರು ಕೂಡಿಸಿಕೊಂಡು ಸಾಗರದ ಕಡೆ ಹೊರಳಿ, ಜೋಗದಲ್ಲಿ 253 ಮೀಟರ್ ಧುಮುಕಿ ಪಡುವಣ ಕಡಲು ಸೇರುತ್ತದೆ. ಅದೇ ತೀರ್ಥಹಳ್ಳಿಯ ತುಂಗೆ ಮೂಡಣ ಕಡಲಿನ ದಾರಿ ಹಿಡಿಯುತ್ತಾಳೆ. ಬೆರಳು ಜೋಗಕ್ಕಿಂತ ಮೊದಲೇ ದೊಡ್ಡ ನೀಲಿ ಹರವಿನಲ್ಲಿ ನಿಂತಿತು. ಲಿಂಗನಮಕ್ಕಿ, 1964ರ ಅಣೆಕಟ್ಟೆ.

“ನಮ್ಮಜ್ಜನ ಮನೆ ಇದ್ರಡಿಗೆ ಐತಂತೆ,” ಎಂದಳು ಬೆರಳಿಟ್ಟ ಹುಡುಗಿ. ಮುಳುಗಡೆ ಎಂಬ ಪದ ಈ ಊರುಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಟೀಚರು ಪಾಠಕ್ಕೆ ಮರಳುವ ಅವಸರ ಮಾಡಲಿಲ್ಲ. ಸ್ವಲ್ಪ ಹೊತ್ತು ಬರೀ ಮಳೆಯ ಸದ್ದು. ಕೊನೆಗೆ, “ಅಜ್ಜನ್ನ ಕೇಳ್ಕೊಂಡು ಬಾ ಪುಟ್ಟಿ, ಮನೆ ಹ್ಯಾಂಗಿತ್ತು ಅಂತ,” ಎಂದರು.

ಮಾರನೇ ದಿನ ಅವಳು ಪಾಟೀಚೀಲ ಇಳಿಸುವ ಮೊದಲೇ ಶುರುಮಾಡಿದಳು. ಅಂಗಳದ ತುಂಬ ಅಡಿಕೆ ಒಣಗಿಸುತ್ತಿದ್ದರಂತೆ, ಹಿತ್ತಲಲ್ಲಿ ಕಲ್ಲಿನ ಬಾವಿಕಟ್ಟೆಯಂತೆ, ಬೇಸಿಗೆಯಲ್ಲಿ ನೀರು ಇಳಿದ ವರ್ಷ ಅದೊಂದು ಮಾತ್ರ ಕಾಣುತ್ತದಂತೆ. “ಕಟ್ಟೆ ತುಂಬಿದ್ರೆ 1,819 ಅಡಿ ಅಂತ ಪೇಪರಲ್ಲಿ ಹಾಕ್ತಾರಲ್ಲ ಮೇಡಂ. ಎಷ್ಟು ಅಡಿಗೆ ಇಳಿದ್ರೆ ನಮ್ಮ ಬಾವಿ ಕಾಣ್ತದೆ?”

ಟೀಚರಿಗೆ ಅದು ಗೊತ್ತಿರಲಿಲ್ಲ. ಪ್ರಶ್ನೆಯನ್ನು ಬೋರ್ಡಿನ ಮೂಲೆಯಲ್ಲಿ ಬರೆದು, ಸುತ್ತ ಒಂದು ಚೌಕ ಎಳೆದು, ಒರೆಸಬೇಡಿ ಎಂದರು. ಹುಡುಗಿ ಅಂದಿನ ಪತ್ರಿಕೆ ಹರಡಿ ಅಣೆಕಟ್ಟೆಯ ಮಟ್ಟದ ಸಾಲು ಹುಡುಕಿದಳು. ಮಳೆಯ ಲೆಕ್ಕದ ಪಕ್ಕ ಹೊಸದೊಂದು ಗೆರೆ ಎಳೆದು ಮೊದಲ ಅಂಕಿ ಬರೆದಳು.