ಕೊನೇ ತೀರ್ಮಾನ ಅಕ್ಕಂದೇ

ಅಕ್ಕನ ಎದೆಯಾಗಿನ ಗಂಟು ಕ್ಯಾನ್ಸರ್ ಅಂತ ಬಯಾಪ್ಸಿ ರಿಪೋರ್ಟ್ ಬಂತೇನು? ಸುರಪುರ, ಶಹಾಪುರ, ಯಾದಗಿರಿಯವರಿಗೆ ಕಲಬುರಗಿಯಾಗೇ ಕಿದ್ವಾಯಿ ಕ್ಯಾನ್ಸರ್ ಕೇಂದ್ರ ಅದ. ಆಕಿ ಜೋಡಿ ನೀವೇ ಹೋಗ್ರಿ. ರಿಪೋರ್ಟೆಲ್ಲ ಒಂದೇ ಫೈಲಿನ್ಯಾಗ, ತಾರೀಖಿನ ಪ್ರಕಾರ ಇರಲಿ. ಆಧಾರ್, ರೇಷನ್ ಕಾರ್ಡ್ ಮರೀಬ್ಯಾಡ್ರಿ. ಬಿಪಿಎಲ್ ಕುಟುಂಬಕ್ಕ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಾಗ ವರ್ಷಕ್ಕ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಸಿಗ್ತದ.

ಡಾಕ್ಟರಿಗೆ ಕೇಳ್ರಿ: ಯಾವ ಹಂತ? ಇಆರ್, ಪಿಆರ್, ಹರ್-2 ಟೆಸ್ಟ್ ಆಗ್ಯಾವೇನು? ಯಾವ ಔಷಧ ಅನ್ನೋದು ಈ ಟೆಸ್ಟಿನ ಫಲಿತಾಂಶದ ಮ್ಯಾಲೆ ನಿಂತದ. ಇಡೀ ಸ್ತನ ತೆಗೀಲೇಬೇಕೇನು? ಆರಂಭದ ಹಂತದಾಗ ಬಹಳ ಮಂದಿಗೆ ಗಂಟಷ್ಟೇ ತೆಗೆದು ರೇಡಿಯೇಷನ್ ಕೊಟ್ಟರೂ ಬದುಕುವ ಅವಕಾಶ ಅಷ್ಟೇ ಇರ್ತದ.

ಮನ್ಯಾಗ ಎಲ್ಲರೂ ಮಾತಾಡ್ತಾರ, ಅಕ್ಕ ಒಬ್ಬಾಕಿ ಸುಮ್ಮನೆ ಕುಂತಿರ್ತಾಳ. ಇದು ತಪ್ಪು. ಮೊದಲು ಆಕೀನ ಕೇಳ್ರಿ. ಅಕ್ಕಗ ಬಂದದ ಅಂದ ಮ್ಯಾಲೆ, ತಂಗ್ಯಾರೇ, ನೀವೂ ಸ್ತನದ ತಪಾಸಣೆ ಮಾಡಿಸ್ಕೊಳ್ರಿ.