ಆಕಾಶದಿಂದ ಕೆರೆಯ ಕಳೆ ನೋಡುವುದು

ಏರಿಯ ಮೇಲೆ ನಿಂತು ನೋಡಿದರೆ ಕೆರೆಯ ಮೇಲಿನ ಹಸಿರು ಕಾಣುತ್ತದೆ, ಒಳಗಿನದು ಕಾಣದು. ಆಕಾಶದ ಉಪಗ್ರಹಕ್ಕೂ ಬಹುಮಟ್ಟಿಗೆ ಇದೇ ಪಾಡು. ಯಾಕೆ ಅಂತೀರಾ? ಕೇಳಿ.

ಯೂರೋಪಿನವರ ಸೆಂಟಿನೆಲ್-2 ಎಂಬ ಉಪಗ್ರಹ 2015ರಲ್ಲಿ ಹಾರಿತು. 2017ರಲ್ಲಿ ಅದಕ್ಕೊಂದು ಜೋಡಿ ಬಂತು. ಈಗ ಸುಮಾರು ಐದು ದಿನಕ್ಕೊಮ್ಮೆ ನಮ್ಮ ಕೆರೆಗಳ ಚಿತ್ರ ಸಿಗುತ್ತದೆ, ಅದೂ ಬಿಟ್ಟಿಯಾಗಿ. ಚಿತ್ರದ ಒಂದು ಚುಕ್ಕೆ ಎಂದರೆ ನೆಲದ ಮೇಲೆ 10 ಮೀಟರು ಉದ್ದ, 10 ಮೀಟರು ಅಗಲ. ಹೆಚ್ಚುಕಡಿಮೆ ಒಂದು ಗುಂಟೆ. 40 ಚುಕ್ಕೆ ಎಣಿಸಿದರೆ ಒಂದು ಎಕರೆ ಆಯಿತು. ಶಾನುಭೋಗರ ಸರಪಳಿಗಿಂತ ಸಲೀಸು!

ಹಸಿರೆಲೆಯು ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಬಹಳವಾಗಿ ಹಿಂದಕ್ಕೆ ಕಳಿಸುತ್ತದೆ. ನೀರು ಅದನ್ನೇ ನುಂಗಿಬಿಡುತ್ತದೆ. ಹಾಗಾಗಿ ತೇಲುವ ಅಂತರಗಂಗೆ ಚಿತ್ರದಲ್ಲಿ ಥಳಥಳ ಹೊಳೆದರೆ, ನೀರು ಕಪ್ಪಗೆ ಕಾಣುತ್ತದೆ. ಹೈಡ್ರಿಲ್ಲಾದಂಥ ಮುಳುಗಿ ಬೆಳೆಯುವ ಗಿಡದ ಮೇಲೆ ಒಂದೆರಡು ಮೊಳ ನೀರಿದ್ದರೂ ಸಾಕು, ಆ ಹೊಳಪು ಮಾಯ. ನೀಲಿ, ಹಸಿರು ಬೆಳಕು ಇನ್ನಷ್ಟು ಆಳಕ್ಕೆ ಇಳಿಯುತ್ತದೆ ನಿಜ; ಆದರೆ ನೀರು ತಿಳಿಯಾಗಿರಬೇಕು.

ಬೆಂಗಳೂರಿನ ದೀಪಾಂಜಲಿ ನಗರದ ಕಡೆಯಿಂದ ಕೆಂಗೇರಿ ದಾಟಿ ಬೈರಮಂಗಲದತ್ತ ಹರಿಯುವ ವೃಷಭಾವತಿಯನ್ನೇ ನೋಡಿ. ಪಟ್ಟಣದ ಕೊಳಚೆ, ಕಾರ್ಖಾನೆಯ ಕಶ್ಮಲ ಹೊತ್ತ ಆ ನೀರಿನಲ್ಲಿ ತಳ ಹುಡುಕುವುದು ಉಪಗ್ರಹದ ಕೈಲಾಗುವ ಕೆಲಸವಲ್ಲ. ಚಿತ್ರ ಕಪ್ಪಗಿದೆ, ಒಳಗೆ ಗಿಡವಿಲ್ಲ ಎಂದು ಬರೆದುಕೊಂಡರೆ ಲೆಕ್ಕ ತಪ್ಪೀತು.

ಇದರಿಂದ ನಮಗೇನು ಎನ್ನಬೇಡಿ. ಮುಳುಗುಗಿಡ ಹಗಲಲ್ಲಿ ನೀರಿಗೆ ಆಮ್ಲಜನಕ ಕೊಡುತ್ತದೆ, ಮೀನುಮರಿಗೆ ಮರೆಯಾಗುತ್ತದೆ. ಅಂತರಗಂಗೆ ಮೇಲೆ ಚಾಪೆ ಹಾಸಿತೋ, ಬಿಸಿಲು ಇಳಿಯದೆ ಆ ಗಿಡ ಸಾಯುತ್ತದೆ, ಮೀನಿಗೂ ಉಸಿರು ಕಟ್ಟುತ್ತದೆ. ಕೊಳಚೆಯ ಸಾರ ಸಿಕ್ಕರೆ ಈ ಕಳೆ ಎರಡು ವಾರದೊಳಗೇ ಇಮ್ಮಡಿಯಾಗಬಲ್ಲದು. ಯಾವ ಮೂಲೆಯಲ್ಲಿ ಹುಟ್ಟಿತು, ಎಷ್ಟು ಗುಂಟೆಗೆ ಹಬ್ಬಿತು ಎಂಬುದನ್ನು ಮೊದಲೇ ಹೇಳುವುದರಲ್ಲಿ ಉಪಗ್ರಹ ಬಲು ಚುರುಕು. ಮಳೆಗಾಲದ ಮೋಡ ಮಾತ್ರ ಅದಕ್ಕೆ ಅಡ್ಡ.

ಒಳಗಿನದಕ್ಕೆ ನಾವೇ ಇಳಿಯಬೇಕು. ಹಗ್ಗಕ್ಕೆ ಬಿಳಿ ತಟ್ಟೆ ಕಟ್ಟಿ ಇಳಿಬಿಡಿ. ಅದು ಕಣ್ಮರೆಯಾದ ಆಳವೇ ನೀರಿನ ತಿಳಿಯ ಅಳತೆ. ಇನ್ನೊಂದು ಹಗ್ಗಕ್ಕೆ ಕಬ್ಬಿಣದ ಹಲ್ಲಿನ ಕೊಕ್ಕೆ ಕಟ್ಟಿ, ದೋಣಿಯಿಂದ ಎಸೆದು ಎಳೆದರೆ ತಳದ ಗಿಡ ಸಿಕ್ಕಿ ಬರುತ್ತದೆ. ಎಲ್ಲೆಲ್ಲಿ ಏನು ಬಂತೆಂದು ಗುರುತು ಹಾಕಿ, ಅದೇ ವಾರದ ಉಪಗ್ರಹ ಚಿತ್ರದ ಪಕ್ಕದಲ್ಲಿಟ್ಟು ತಾಳೆ ನೋಡಬೇಕು. ಕೊಳಚೆ ಬೀಳುವ ಕೆರೆಯಲ್ಲಿ ಬರಿಮೈಯಲ್ಲಿ ಇಳಿಯಬೇಡಿ, ತುರಿಕೆ ಹತ್ತೀತು.