ಅಪ್ಪನ ಬ್ಯಾಗಿನಲ್ಲಿ ಏನಿತ್ತು?

ಕುಮಾರಪರ್ವತಕ್ಕೆ ಅಪ್ಪನೂ ಬರ್ತೀನಿ ಅಂದಾಗ ನಾನೇ ಬೇಡ ಅನ್ನಬೇಕಿತ್ತು. 58 ವಯಸ್ಸು, ಎಡ ಮಂಡಿ ಆಗಾಗ ತಕರಾರು ತೆಗೆಯುತ್ತೆ. "ತೋಟದ ಗುಡ್ಡ ಹತ್ತಿ ಬೆಳೆದವನಿಗೆ ಇದೇನು ಮಹಾ" ಅಂದ್ರು.

ಕುಕ್ಕೆ ಸುಬ್ರಹ್ಮಣ್ಯದಿಂದ ಬೆಳಗ್ಗೆಯೇ ಹೊರಟೆವು: ಅಪ್ಪ, ತಂಗಿ, ಆಫೀಸಿನ ಇಬ್ಬರು ಗೆಳೆಯರು, ನಾನು. ಗಿರಿಗದ್ದೆ ಹತ್ತಿರದವರೆಗೂ ಕಾಡಿನ ನೆರಳು, ಬೇರುಗಳೇ ಮೆಟ್ಟಿಲು. ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ದಾಟಿದ ಮೇಲೆ ಬರೀ ಹುಲ್ಲುಗಾವಲು, ನೆತ್ತಿ ಮೇಲೆ ಬಿಸಿಲು. 1712 ಮೀಟರ್ ಎತ್ತರದ ಶಿಖರ ನಿಮ್ಮನ್ನು ಪರೀಕ್ಷೆ ಮಾಡೋದು ಇಲ್ಲೇ.

ಕಲ್ಲುಮಂಟಪದಲ್ಲಿ ಅಪ್ಪ ಕೂತುಬಿಟ್ಟರು. ಮಂಡಿ ಊದಿತ್ತು. ಭಾರ ಹಂಚಿಕೊಳ್ಳೋಣ ಅಂತ ಅವರ ಬ್ಯಾಗ್ ತೆರೆದರೆ ಛತ್ರಿ, ಬೆಡ್‌ಶೀಟ್, ಒಂದು ಡಬ್ಬಿ ಚಕ್ಕುಲಿ! ನೀರು ಒಂದೇ ಲೀಟರ್, ಅದೂ ಖಾಲಿ. ತಲೆಗೆ ಮೂರು ಲೀಟರ್ ಅಂತ ವಾಟ್ಸಾಪ್‌ನಲ್ಲಿ ಹಾಕಿದ್ದೆ, ಬ್ಯಾಗ್ ನೋಡಿರಲಿಲ್ಲ.

"ನಿಧಾನಕ್ಕೆ ಹೋಗೋಣ ಅಂಕಲ್" ಅಂದರು ಗೆಳೆಯರು. ತಂಗಿ ಮಾತ್ರ ನನ್ನ ಕಡೆ ನೋಡಿ, "ಹತ್ತಬಹುದು ಅಣ್ಣಾ, ಇಳಿಯೋಕೂ ಅದೇ ಮಂಡಿ ತಾನೇ?" ಅಂದಳು.

ಮೂರು ವರ್ಷದಿಂದ ಕಾದಿದ್ದ ಶಿಖರ. ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳಲಿ. ಅವರನ್ನು ಕಳಿಸಿ ಅಪ್ಪನ ಜೊತೆ ಉಳಿದೆ. ಶೇಷಪರ್ವತದ ಏರಿನಲ್ಲಿ ಮೂವರೂ ಚುಕ್ಕಿಗಳಾಗೋವರೆಗೆ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅಪ್ಪ ಚಕ್ಕುಲಿ ಡಬ್ಬಿ ನನ್ನ ಕಡೆ ತಳ್ಳಿದರು.